ಬೆಳಗ್ಗೆ ಏಳದ ಜನರೇಟರ್

ಮಾರ್ಚ್ 4, ಮಂಗಳವಾರ. ಬೆಳಗ್ಗೆ 7. ಮೈನಸ್ 23 ಡಿಗ್ರಿ.

ಮತ್ತೆ ಅದೇ. ಗುಂಡಿ ಒತ್ತಿದೆ. ಗರ್... ಗರ್... ಗರ್ರ್... ಆಮೇಲೆ ಸುಮ್ಮನಾಯಿತು. ಇನ್ನೊಮ್ಮೆ ಒತ್ತಿದೆ. ಊಹೂಂ. ಮಧ್ಯಾಹ್ನವಾದರೆ ಒಂದೇ ಸಲಕ್ಕೆ ಏಳುತ್ತದೆ, ದರಿದ್ರದ್ದು. ಅದೇ ಜನರೇಟರ್, ಅದೇ ಗುಂಡಿ, ಅದೇ ಬೆರಳು. ಬೆಳಗ್ಗೆ ಮಾತ್ರ ಯಾಕೆ ಇಲ್ಲ?

ನಾವಿಬ್ಬರೂ ವಾಸವಿರುವ ಮನೆಗಾಡಿಯೊಳಗೆ ಬಂದರೆ ಹಾಸಿಗೆಯಿಂದಲೇ ಅಕ್ಕನ ವಿಚಾರಣೆ.

"ಎದ್ನಾ ನಿನ್ನ ಗಂಡ?"

"ಇಲ್ಲ."

"ಗಂಡಸರನ್ನ ಬೆಳಗ್ಗೆ ಎಬ್ಬಿಸೋದು ನಿಂಗೆ ಯಾವತ್ತು ಬಂದಿತ್ತು ಬಿಡು."

ಎರಡು ಸಲ ಮದುವೆಯಾಗಿ ಇಬ್ಬರನ್ನೂ ಬಿಟ್ಟವಳು ನಾನು. ನನ್ನಕ್ಕ ಹಿಲ್ಕಾಳಿಗೆ ಅದೊಂದು ಸಿಕ್ಕರೆ ಸಾಕು.

ಷರತ್ತು ಅವಳದೇ. ರಾತ್ರಿ ಉಸಿರಿನ ಯಂತ್ರ ಹಾಕಿಕೊಳ್ಳದೆ ಮಲಗಿದರೆ ಅವಳ ಉಸಿರು ನಿಂತು ನಿಂತು ಬರುತ್ತದೆ. ಇಲ್ಲಿ ಕ್ಯಾಂಪಿನಲ್ಲಿ ಕರೆಂಟ್ ಕಂಬವಿದೆ, ಚಿಂತೆಯಿಲ್ಲ. ಕಾಡಿನ ಸರೋವರಗಳ ಕಡೆ ಹೋದರೆ ಈ ಜನರೇಟರೇ ಗತಿ. ಹಾಗಾಗಿ — ಸತತವಾಗಿ ಮೂರು ಬೆಳಗು ಅದು ಎದ್ದರೆ ಬೇಸಿಗೆ ಮುಗಿಯುವವರೆಗೂ ನನ್ನ ಜೊತೆ ಗಾಡಿಯಲ್ಲೇ ಇರುತ್ತಾಳೆ. ಏಳದಿದ್ದರೆ ಔಲು ಪಟ್ಟಣದ ವೃದ್ಧರ ಆರೈಕೆ ಮನೆ. ಅಲ್ಲಿ ಹದಿನೈದನೇ ತಾರೀಖಿನವರೆಗೆ ಕೋಣೆ ಹಿಡಿದಿಟ್ಟಿದ್ದಾರೆ.

ಅವಳು ಹೋಗುವುದು ನನಗೆ ಬೇಡ. ಅವಳಿಗೆ ಹೇಳಿಲ್ಲ. ನಮ್ಮಮ್ಮನ ಹೊಟ್ಟೆಯಲ್ಲಿ ಹುಟ್ಟಿದವರು ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವವರಲ್ಲ.

ಮಾರ್ಚ್ 5. ಸಂಜೆ.

ಕ್ಯಾಂಪಿನ ಯಜಮಾನ ಎನ್ಸಿಯೊ ಬಂದ. ಜನರೇಟರಿನ ಮುಚ್ಚಳ ತೆಗೆದ. ನೋಡಿದ. ಮುಚ್ಚಿದ.

"ಬ್ಯಾಟರಿ ಕಣೆ ಮಿರ್ಯಾ. ಅದೂ ನಮ್ಮ ಹಾಗೇನೇ, ಚಳಿಗೆ ಮುದುರ್ಕೊಂಡಿದೆ. ಸೌನಾಗೆ ಹಾಕಿದ್ರೆ ಸರಿಹೋಗುತ್ತೆ."

ತಮಾಷೆ ಎಂದುಕೊಂಡೆ. ಬ್ಯಾಟರಿ ಬಿಚ್ಚಿ ಮಗುವಿನ ಹಾಗೆ ಎತ್ತಿಕೊಂಡು ಹೊರಟೇಬಿಟ್ಟ. ಎಲ್ಲರ ಹಬೆಸ್ನಾನ ಮುಗಿದು ಆರುತ್ತಿದ್ದ ಸೌನಾ ಕೋಣೆ. ಕೆಳಗಿನ ಹಲಗೆಯ ಮೇಲೆ ಟವೆಲ್ ಹಾಸಿ ಕೂರಿಸಿದ.

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ನಂಗೇ ಯಾರೂ ಇಷ್ಟು ಮರ್ಯಾದೆ ಮಾಡಿಲ್ಲಪ್ಪ."

ಮಾರ್ಚ್ 6. ಬೆಳಗ್ಗೆ. ಮೈನಸ್ 22.

ಬೆಚ್ಚಗಿನ ಬ್ಯಾಟರಿ ಜೋಡಿಸಿ ಗುಂಡಿ ಒತ್ತಿದರೆ — ಅಬ್ಬಬ್ಬಾ, ಏನು ತಿರುಗುವುದು! ಗರಗರಗರ. ಆದರೆ ಏಳಲಿಲ್ಲ.

ಎನ್ಸಿಯೊ ಟೋಪಿಯೊಳಗೆ ಬೆರಳು ತೂರಿಸಿ ತಲೆ ಕೆರೆದುಕೊಂಡ. "ಸೌನಾದಲ್ಲಿ ನಾವು ಮೈಗೆ ಬಡ್ಕೊಳ್ಳೋ ಹಾಗೆ ಅದಕ್ಕೂ ಬರ್ಚ್ ಸೊಪ್ಪಲ್ಲಿ ನಾಲ್ಕು ಬಾರಿಸ್ಬೇಕಿತ್ತು."

ಅವನು ಹೋದ ಮೇಲೂ ನಾನು ಹಿಮದಲ್ಲಿ ಮಂಡಿಯೂರಿ ಹೊಗೆ ಕೊಳವೆಯನ್ನೇ ನೋಡಿದೆ. ಒತ್ತಿದೆ, ನೋಡಿದೆ. ಇಷ್ಟು ತಿರುಗಿದರೂ ಒಂದೆಳೆ ಹೊಗೆಯಿಲ್ಲ. ಡೀಸೆಲ್ ಒಳಗೆ ಹೋಗಿದ್ದರೆ, ಹೊತ್ತಿಕೊಳ್ಳದಿದ್ದರೂ, ಬಿಳಿ ಹೊಗೆಯಾದರೂ ಬರಬೇಕಲ್ಲ? ಅಂದರೆ ಡೀಸೆಲ್ಲೇ ಬರುತ್ತಿಲ್ಲ! ಟ್ಯಾಂಕ್ ಮುಕ್ಕಾಲು ತುಂಬಿದೆ. ಮತ್ತೆ ಎಲ್ಲಿ ನಿಲ್ಲುತ್ತಿದೆ? ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ.

ಮಾರ್ಚ್ 7.

ಸಿಕ್ಕಿತು! ಸಿಕ್ಕಿತು ಸಿಕ್ಕಿತು.

ಜಾಮ್ ಬಾಟಲಿ ಎರಡು ತೊಳೆದೆ. ಒಂದಕ್ಕೆ ಗಾಡಿಯ ದೊಡ್ಡ ಟ್ಯಾಂಕಿನ ಡೀಸೆಲ್, ಇನ್ನೊಂದಕ್ಕೆ ಜನರೇಟರಿನ ಚಿಕ್ಕ ಟ್ಯಾಂಕಿನದು. ರಾತ್ರಿಯೇ ಹೊರಗೆ ಮೆಟ್ಟಿಲ ಮೇಲಿಟ್ಟೆ. ಬೆಳಗ್ಗೆ ನೋಡಿದರೆ ಮೊದಲನೆಯದು ನೀರಿನ ಹಾಗೆ ತಿಳಿ. ಎರಡನೆಯದು ಬೆಳ್ಳಗೆ, ಗಟ್ಟಿ — ಆರಿದ ಸಾರಿನ ಮೇಲಿನ ಕೊಬ್ಬಿನ ಹಾಗೆ.

ಆಗಸ್ಟಿನಲ್ಲಿ ಸಮುದ್ರದ ಕಡೆ ಹೋದಾಗ ತುಂಬಿಸಿದ್ದು. ಬೇಸಿಗೆಯ ಡೀಸೆಲ್. ನವೆಂಬರಿನಲ್ಲಿ ದೊಡ್ಡ ಟ್ಯಾಂಕಿಗೆ ಚಳಿಗೆ ಗಟ್ಟಿಯಾಗದ ಚಳಿಗಾಲದ್ದು ಹಾಕಿಸಿದೆ, ಚಿಕ್ಕದು ನೆನಪಾಗಲೇ ಇಲ್ಲ. ಬೆಳಗಿನ ಚಳಿಗೆ ಫಿಲ್ಟರಿನಲ್ಲಿ ಹೆಪ್ಪುಗಟ್ಟಿ ಕೂರುತ್ತದೆ, ಮಧ್ಯಾಹ್ನ ಆ ಬದಿಗೆ ಬಿಸಿಲು ಬಿದ್ದರೆ ಕರಗುತ್ತದೆ. ಅಷ್ಟೇ ಕಥೆ. ಇಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವ ವಿಷಯ!

"ತುಂಬ್ಸಿದ್ದು ಯಾರು?" ಅಕ್ಕ ಕೇಳಿದಳು.

"ನಾನೇ."

"ಮಾಡಿದ್ದುಣ್ಣೋ ಮಹರಾಯ." ನಕ್ಕಳು. ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. "ಅಂದ್ರೆ ಇನ್ಮೇಲೆ ಏಳುತ್ತೆ ಅನ್ನು."

"ಏಳ್ಲೇಬೇಕು."

ನಗು ನಿಂತಿತು. ಕಿಟಕಿಯ ಕಡೆ ತಿರುಗಿ ಕೂತಳು. ಖುಷಿಯಾಗಲಿಲ್ಲವೇ ಇವಳಿಗೆ? ಯಾಕೆ? ಜನರೇಟರಿಗಾದರೆ ಮುಚ್ಚಳವಿದೆ, ತೆಗೆದು ನೋಡಬಹುದು.

ಮಾರ್ಚ್ 9.

ನಿನ್ನೆ, ಇವತ್ತು ಅದೇ ಕೆಲಸ. ಚಿಕ್ಕ ಟ್ಯಾಂಕ್ ಪೂರ್ತಿ ಖಾಲಿ ಮಾಡಿದೆ. ಹೊಸ ಫಿಲ್ಟರ್, ಚಳಿಗಾಲದ ಡೀಸೆಲ್. ಎನ್ಸಿಯೊ ಟಾರ್ಚ್ ಹಿಡಿದು "ನಾನು ಆಗ್ಲೇ ಅಂದಿದ್ನಲ್ಲ" ಎಂದ. ಏನು ಅಂದಿದ್ದ? ಮೈಯೆಲ್ಲ ಡೀಸೆಲ್ ವಾಸನೆ.

ಮಾರ್ಚ್ 10. ಮೈನಸ್ 21.

ಎದ್ದಿತು! ಮೊದಲು ಬಿಳಿ ಹೊಗೆ, ಆಮೇಲೆ ಕೆಮ್ಮು, ಆಮೇಲೆ ಡಗಡಗಡಗ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅರವತ್ತನಾಲ್ಕರ ಹೆಂಗಸು ಹಿಮದಲ್ಲಿ ಕುಣಿದೆ.

ಕಿಟಕಿಯೊಳಗಿಂದ ಅಕ್ಕ ಒಂದು ಬೆರಳು ತೋರಿಸಿದಳು. ಮುಖದಲ್ಲಿ ಏನೂ ಇಲ್ಲ.

ಮಾರ್ಚ್ 11. ಮೈನಸ್ 26.

ಮೂರನೆಯ ಯತ್ನಕ್ಕೆ ಎದ್ದಿತು. ಎರಡು ಬೆರಳು.

ಊಟಕ್ಕೆ ಕೂತಾಗ ಅಕ್ಕ ಮೀನಿನ ಮುಳ್ಳು ಬಿಡಿಸುತ್ತ, ತಲೆಯೆತ್ತದೆ — "ನಾನು ಜೊತೆಗಿದ್ರೆ ನಿಂಗೆ ಬೇಕಾದಲ್ಲಿಗೆ ಹೋಗೋಕಾಗಲ್ಲ ಕಣೆ. ಮಂಡಿ, ಮಾತ್ರೆ, ಈ ಯಂತ್ರ. ಬೇಸಿಗೆಯಿಡೀ ಇದೇ ಪಾಡು. ಯೋಚ್ನೆ ಮಾಡಿದ್ದೀಯಾ?"

"ಇಂಜಿನ್ ಬಿಸಿ ಮಾಡೋ ಗ್ಲೋ ಪ್ಲಗ್ ಇನ್ನೂ ಸ್ವಲ್ಪ ಹೊತ್ತು ಕಾಯಿಸ್ಬೇಕು ಅನ್ಸುತ್ತೆ," ಎಂದೆ.

ದಡ್ಡಿ. ಶತದಡ್ಡಿ. ಹೋಗಬೇಡ ಅನ್ನುವ ಅದೊಂದು ಮಾತು ಆಗಲೇ ಹೇಳಬೇಕಿತ್ತು.

ಈಗ ಮಲಗಿ ಯೋಚಿಸಿದರೆ ಹೊಳೆಯುತ್ತಿದೆ. ಷರತ್ತು ಜನರೇಟರಿಗಲ್ಲ. ಅವಳು ಹೊರೆ ಎಂದು ನನಗನಿಸಿದರೆ ಬಾಯಿಬಿಟ್ಟು ಹೇಳುವ ಕಷ್ಟ ಬೇಡವೆಂದು ನನಗೊಂದು ನೆಪ ಮಾಡಿಕೊಟ್ಟಿದ್ದಾಳೆ. ನಾನೋ, ವಾರವಿಡೀ ಆ ನೆಪವನ್ನೇ ರಿಪೇರಿ ಮಾಡುತ್ತಾ ಕೂತೆ. ಯಾಕೆಂದು ಮಾತ್ರ ಹೇಳಲಿಲ್ಲ. ಅವಳಿಗೆ ಹೇಗೆ ಗೊತ್ತಾಗಬೇಕು?

ಮಾರ್ಚ್ 12. ಬೆಳಗ್ಗೆ 9. ಮೈನಸ್ 34.

ಏಳಲಿಲ್ಲ. ಗ್ಲೋ ಪ್ಲಗ್ ಕಾಯಿಸಿದೆ. ಫಿಲ್ಟರಿಗೆ ಬಿಸಿನೀರಿನ ಚೀಲ ಕಟ್ಟಿದೆ. ಒತ್ತಿದೆ, ಒತ್ತಿದೆ, ಬ್ಯಾಟರಿ ಸುಸ್ತಾಗುವವರೆಗೂ ಒತ್ತಿದೆ. ಬಿಳಿ ಹೊಗೆ ಬಂತು, ಅಷ್ಟೇ. ಮುಚ್ಚಳಕ್ಕೆ ಒದ್ದೆ. ಅಲ್ಲೇ ನಿಂತು ಅತ್ತೆ, ಕಣ್ಣೀರು ಹೆಪ್ಪುಗಟ್ಟಿ ರೆಪ್ಪೆಯೆಲ್ಲ ಅಂಟಿಕೊಂಡಿತು. ಕ್ಯಾಂಪಿನಲ್ಲಿ ಒಂದು ನಾಯಿಯ ಸದ್ದೂ ಇರಲಿಲ್ಲ.

ಒಳಗೆ ಬಂದರೆ ಅಕ್ಕ ಕಾಫಿ ಬಗ್ಗಿಸುತ್ತಿದ್ದಳು.

"ಮೂರು," ಎಂದಳು.

"ಏನು ಮೂರು?"

"ಮೂರನೇ ಬೆಳಗು. ಎದ್ದಿತಲ್ಲ, ಕೇಳಿಸ್ತು."

"ಅಕ್ಕಾ, ಅದು ಎಲ್ಲಿ—"

"ಅಳೋದು ಕೇಳಿಸುತ್ತೆ, ಜನರೇಟರ್ ಕೇಳಿಸಲ್ವಾ ನಂಗೆ? ಎದ್ದಿತು ಅಂದ್ರೆ ಎದ್ದಿತು. ಔಲುಗೆ ಫೋನ್ ಮಾಡಿ ಕೋಣೆ ಬೇಡ ಅಂದ್ಬಿಟ್ಟೆ."

"ರಾತ್ರಿ ನಿನ್ನ ಯಂತ್ರಕ್ಕೆ?"

"ಕಂಬ ಇರೋ ಕಡೆ ನಿಲ್ಸಿದ್ರಾಯ್ತು. ಉತ್ತರದಲ್ಲಿ ಕಂಬಕ್ಕೇನು ಬರ? ಕುಡಿ, ಆರಿಹೋಗುತ್ತೆ."

ಕುಡಿದೆ. ಡೈರಿ ತೆಗೆದು ಬರೆಯಲು ಕೂತೆ. ಈಗ ಎದುರಿಗೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಳೆ. "ಅಷ್ಟೊಂದು ಏನು ಬರೀತೀಯೇ?" ಎನ್ನುತ್ತಿದ್ದಾಳೆ. ಇಲ್ಲಿ ಬರೆದರೆ ಅವಳಿಗೆ ಹೇಗೆ ಕೇಳಿಸೀತು. ಬಾಯಿಬಿಟ್ಟು, ಅವಳ ಮುಖ ನೋಡಿ, ಈಗಲೇ —