ಅರ್ಧಕ್ಕ ನಿಂತ ಮರ್ಜ್

ಜುಲೈ ೧೯, ಭಾಗ್ಯನಗರ

ದ್ಯಾಮಣ್ಣನ ಲ್ಯಾಪ್‌ಟಾಪ್ ಇನ್ನೂ ನನ್ನ ಮುಂದ ಐತಿ. ಮುಚ್ಚಾಕ ಮನಸ್ಸಾಗವಲ್ದು.

ಹಿಟ್ನಾಳ ಹತ್ರ ಲಾರಿ ಬಡದು ಅಂವ ಹೋದ ಮ್ಯಾಲೆ ಅವರವ್ವ ಅಮರಮ್ಮ ತಾನ ತಂದು ಕೊಟ್ಟಾಳ. "ನನ್ನ ಮಗ ಅರ್ಧಕ್ಕ ಬಿಟ್ಟಿದ್ದು ನೀನ ಮುಗಸವ್ವಾ," ಅಂದ್ಲು. ಆಕಿ ಹೊಲ ಕಾಲುವಿ ಕೊನಿಭಾಗದಾಗ ಐತಿ.

ಅಂವ ಅರ್ಧಕ್ಕ ಬಿಟ್ಟಿದ್ದು ನಾವಿಬ್ಬರೂ ಕೂಡಿ ಮಾಡಾಕತ್ತಿದ್ದ, ಕಾಲುವಿ ನೀರಿನ ಪಾಳಿ ಹೇಳೋ ಆ್ಯಪ್. ಕೊನಿಭಾಗದ ಹೊಲಕ್ಕ ಮೊದಲ ನೀರು ಅಂತ ಅದರ ಕೋಡ್‌ನಾಗ ಅಂವ ಬರದಿದ್ದ. ನೀರು ಬಳಕೆದಾರರ ಸಂಘದ ಅಧ್ಯಕ್ಷರು ಹೇಳಿದಂಗ, ಕಾಲುವಿ ಮ್ಯಾಲಿನ ಹೊಲದವರಿಗೆ ಮೊದಲ ಅಂತ ನಾನು ಬರದಿದ್ದೆ. ಎರಡನ್ನೂ ಕೂಡಸಾಕ, ಅಂದ್ರ ಮರ್ಜ್ ಮಾಡಾಕ, ಕುಂತಾವ ನಡುವ ಎದ್ದು ಹೋಗ್ಯಾನ. ಯಾರು ಯಾವಾಗ ಏನು ಬರದ್ರು ಅಂತ ಲೆಕ್ಕ ಇಡೋ ಗಿಟ್ ಎಲ್ಲಾ ಹಂಗ ಹಿಡಕೊಂಡು ಕುಂತೈತಿ. ಅವನ ಸಾಲು, ನನ್ನ ಸಾಲು, ನಾವಿಬ್ಬರೂ ಜಗಳಾಡೂ ಮುಂಚಿನ ಹಳೇ ಸಾಲು. ಯಾರರ ಒಂದು ಆರಿಸೋತನಕ ಮೂರನ್ನೂ ಬಿಡಂಗಿಲ್ಲ. ಅಂವ ಕೈಲೆ ತಿದ್ದಿದ ಬ್ಯಾರೆ ಸಾಲುಗಳೂ ಈ ಲ್ಯಾಪ್‌ಟಾಪ್ ಬಿಟ್ಟು ಎಲ್ಲೂ ಇಲ್ಲ. ಅದಕ್ಕ ಇದರಾಗ ಮುಗಸಬೇಕಿತ್ತು.

ಸಂಜಿಗೆ ಅಧ್ಯಕ್ಷ ಕಳಕಪ್ಪ ಫೋನ್ ಮಾಡಿದ್ರು. "ನಾಳೆ ನೀರು ಬಿಡ್ತಾರ. ಅವನ ಸಾಲು ತಗದು ಒಗಿಯವ್ವಾ. ಸತ್ತಾವ ಬಂದು ಕೇಳ್ತಾನೇನು?"

"ಆತ್ರಿ" ಅಂದೆ. ಥೂ ನನ್ನ ಬಾಯಿಗೆ!

ಅವನ ಸಾಲು ಅಳಿಸಿ, ನನ್ನದು ಇಟ್ಟು, ಮುಗಿಸಿದೆ. ಆಮ್ಯಾಲೆ ಗಿಟ್‌ನ ದಾಖಲೆ ತಗದು ನೋಡಿದೆ. ಲ್ಯಾಪ್‌ಟಾಪ್ ಅವನದು, ಅದಕ್ಕ ಹೆಸರೂ ಅವನದ ಬಿದ್ದೈತಿ. ಕೊನಿಭಾಗಕ್ಕ ಎಲ್ಲಾರದೂ ಆದ ಮ್ಯಾಲೆ ನೀರು. ತಾರೀಖು ಇವತ್ತಿಂದು. ಮಾಡಿದವರು ದ್ಯಾಮಣ್ಣ.

ನಾಳೆ ಅಮರಮ್ಮ ಬಂದು, ನನ್ನ ಮಗನ ಕೆಲಸ ಮುಗೀತೇನವ್ವಾ ಅಂತ ಕೇಳಿದ್ರ…