ಹಳದಿ ಗುಲಾಬಿಗೆ ಬಿಟ್ಟ ಒಂದಿಂಚು

ಮಾರ್ಚ್ 3, ಬೆಳಗ್ಗೆ 7
ನೀರು ಹಾಕಿದ್ದಾಯಿತು. ಒಂಬತ್ತು ಗುಲಾಬಿಗೂ, ಬುಡಕ್ಕೆ ಮಾತ್ರ, ಎಲೆಗೆ ತಾಗದಂತೆ — ಹೆಂಡತಿಯ ಆಜ್ಞೆ. ತನ್ನ ತಂಗಿಯ ಸೊಂಟದ ಆಪರೇಶನ್ ಅಂತ ಅವಳು ಹೋಗಿ ಹತ್ತು ದಿನ. ಮನೆ ಯಾಕೋ ದೊಡ್ಡದಾಗಿಬಿಟ್ಟಿದೆ. ಅಂಗಡಿಯಲ್ಲಿ ಎರಡು ಕೋಟು ಬಾಕಿ. ಅಲ್ಲಿಗೆ ಹೊರಡುವ ಮುಂಚೆ ಗಿಡಗಳ ಒಣ ತುದಿ ಕತ್ತರಿಸಿದೆ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ. ಗಿಡ ಯಾವ ಲೆಕ್ಕ.

ಮಾರ್ಚ್ 11
ಹಳದಿ ಗುಲಾಬಿಯ ಒಂದು ಕಡ್ಡಿ ತುದಿಯಿಂದ ಕಪ್ಪಾಗುತ್ತಿದೆ. ಬೇರೆ ಎಂಟಕ್ಕೆ ಏನಾದರೂ ಆಗಲಿ, ಇದಕ್ಕಾಗಬಾರದು. ಅವಳ ತವರಿನ ಹಿತ್ತಿಲಿಂದ ತಂದು ನೆಟ್ಟ ಕಡ್ಡಿ. ಆ ಮನೆ ಈಗಿಲ್ಲ, ಅಲ್ಲಿ ರಸ್ತೆಯಿದೆ. ಈ ಬಣ್ಣ ಇನ್ನೆಲ್ಲೂ ಸಿಗದು.
ಫೋನಿನಲ್ಲಿ ಕೇಳಿದಳು, "ಹಳದಿ ಹೇಗಿದೆ?"
"ಫಸ್ಟ್ ಕ್ಲಾಸ್! ಏಳು ಮೊಗ್ಗು. ಒಂದು ನಾಳೆ ಅರಳುತ್ತೆ."
ಏಳಂತೆ! ಒಂದೂ ಇಲ್ಲ.

ಮಾರ್ಚ್ 12, ಮಧ್ಯಾಹ್ನ
ಬಾಯಾರಿಕೆ ಇರಬಹುದೆಂದು ಇನ್ನೊಂದು ಬಕೆಟ್ ಸುರಿದೆ. ಅಂಗಡಿಯಲ್ಲಿ ಇಸ್ತ್ರಿಯ ಆವಿಗೆ ಜೊಂಪು ಹತ್ತಿತು. ಕನಸು — ಮೇಜಿನ ಮೇಲೆ ಹಸಿರು ಬಟ್ಟೆ. ಕತ್ತರಿಸಿದಷ್ಟೂ ಉದ್ದವಾಗುತ್ತದೆ. ಅಂಚಿನಿಂದ ಹಳದಿ ಬೆಳಕು ಒಸರುತ್ತದೆ. ಆ ತುದಿಯಲ್ಲೆಲ್ಲೋ ಅವಳು ಬಟ್ಟೆ ಹಿಡಿದು ನಿಂತಿದ್ದಾಳೆ, ಕಾಣುವುದಿಲ್ಲ, ಎಳೆತ ಮಾತ್ರ ಕೈಗೆ ಗೊತ್ತಾಗುತ್ತದೆ... ಎದ್ದಾಗ ಕೆನ್ನೆಯ ಮೇಲೆ ಟೇಪಿನ ಅಚ್ಚು.

ಮಾರ್ಚ್ 19
ಹಳದಿಯ ಐದು ಕಡ್ಡಿಯಲ್ಲಿ ಮೂರು ಹೋದವು. ಒಂದರ ತುದಿ ಮುರಿದುಕೊಂಡು ನರ್ಸರಿಯವನ ಬಳಿ ಓಡಿದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದ. ಒಳಗಿನ ತಿರುಳು ಪೂರಾ ಕಂದು.
"ನೀರಿನ ದೋಷ ಅಲ್ಲ ಇದು. ಚಿಗುರು ಬರೋ ಕಣ್ಣಿನ ಮೇಲೆ ಇಷ್ಟುದ್ದ ಯಾಕೆ ಬಿಟ್ರಿ?"
"ಒಂದಿಂಚು... ಮಾರ್ಜಿನ್. ಆಮೇಲೆ ಬಿಗಿ ಆದ್ರೆ ಬಿಚ್ಚೋಕೆ ಬೇಕಲ್ಲ."
ನಕ್ಕು ನಕ್ಕು ಕೆಮ್ಮು ಬಂತು ಅವನಿಗೆ. "ಅಲ್ಲ ಸಾರ್, ಗಿಡ ದಪ್ಪ ಆಯ್ತು ಅಂತ ಯಾರಾದ್ರೂ ಹೊಲಿಗೆ ಬಿಚ್ತಾರಾ? ಕಣ್ಣಿನ ಮೇಲೆ ಉಳಿದ ತುಂಡು ಸಾಯುತ್ತೆ. ರೋಗ ಅಲ್ಲೇ ಹೊಕ್ಕು ಕೆಳಗಿಳಿಯುತ್ತೆ. ತಿರುಳು ಬಿಳಿ ಕಾಣೋ ತನಕ ಕತ್ತರಿಸಿ. ಪ್ರತಿ ಸಲ ಕತ್ತರಿಗೆ ಸ್ಪಿರಿಟ್ ಒರೆಸಿ. ಬಿಳಿ ಸಿಗದೇ ಹೋದ್ರೆ..." ಕೈ ಆಡಿಸಿದ.
ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರ್ಚ್ 24
ಕತ್ತರಿಸಲು ಕೈ ಬರಲಿಲ್ಲ. ಐದು ದಿನ ಗಿಡದ ಸುತ್ತ ಸುತ್ತಿದೆ, ಅಷ್ಟೇ. ನಾಲ್ಕನೆಯದೂ ಕಪ್ಪು. ಇವತ್ತು ನಾಲ್ಕನ್ನೂ ಬುಡದವರೆಗೆ ಕತ್ತರಿಸಿದೆ. ಬಿಳಿ ಸಿಗಲಿಲ್ಲ. ಉಳಿದದ್ದು ಒಂದು. ಅದರ ತುದಿಯೂ ಕಪ್ಪೇ. ಭಯವಾಗುತ್ತಿದೆ.

ಮಾರ್ಚ್ 25, ಬೆಳಗ್ಗೆ 6.30
ಮಂಜು. ಗೇಟು ಕಾಣುತ್ತಿಲ್ಲ, ಗಿಡ ಮಾತ್ರ ತೇಲುತ್ತಿರುವಂತೆ ಇದೆ. ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ.
ಅವಳು ಅಂದಳು — "ಗೊತ್ತಿತ್ತು. ಬರೀ ಚೆನ್ನಾಗಿದೆ ಅಂದಿದ್ರೆ ನಂಬ್ತಿದ್ದೆ. ನೀವು ಮೊಗ್ಗು ಎಣಿಸಿ ಹೇಳಿದ್ರಲ್ಲ!" ಮೂಗು ಒರೆಸಿಕೊಂಡ ಸದ್ದು. "ಫೋನ್ ಸ್ಟೂಲ್ ಮೇಲಿಡಿ. ನಾನಿದ್ದೀನಿ. ಕತ್ತರಿಸಿ."
ಕತ್ತರಿಸಿದೆ.
"ಏನು ಬಣ್ಣ?"
"ಕಂದು."
"ಇನ್ನೂ ಕೆಳಗೆ."
ಒರೆಸಿದೆ. ಕತ್ತರಿಸಿದೆ. ಕಂದು. ಮೊಣಕಾಲೆತ್ತರ... ಗೇಣು... ನಾಲ್ಕು ಬೆರಳು.
"ಇನ್ನೊಂದೇ ಕಣ್ಣು ಉಳಿದಿದೆ ಕಣೇ."
"ಅದರ ಮೇಲೆ. ಹತ್ತಿರ. ಓರೆಯಾಗಿ."
ಉಸಿರು ಬಿಗಿಹಿಡಿದು ಒತ್ತಿದೆ. ಬಗ್ಗಿ ನೋಡಿದೆ.
"ಬಿಳಿ," ಅಂದೆ.
"ಸರಿಯಾಗಿ ನೋಡಿ."
"ಬಿಳಿ ಕಣೇ. ಹಾಲಿನ ಹಾಗೆ."

ಅದೇ ದಿನ, 8 ಗಂಟೆ
ಇಬ್ಬರೂ ಫೋನ್ ಇಟ್ಟಿಲ್ಲ. ಗಿಡದ ಪಕ್ಕ ಕೂತಿದ್ದೇನೆ. ಅಲ್ಲಿ ಅವಳು ತಂಗಿಗೆ ಮಾತ್ರೆ ಕೊಟ್ಟಳು, ಕಿಟಕಿ ತೆರೆದಳು, ಮತ್ತೆ ಬಂದು ಕೂತಳು. ಎಲ್ಲ ಕೇಳಿಸುತ್ತದೆ. ಸುಖವಾಗಿದೆ.
"ಏನು ಬರೀತಿದ್ದೀರಿ?" ಪೆನ್ನಿನ ಸದ್ದು ಕೇಳಿತಂತೆ.
ಆರ್ಡರ್ ಲಿಸ್ಟು ಅನ್ನಬಹುದಿತ್ತು. ಅನ್ನಲಿಲ್ಲ. "ದಿನಚರಿ. ನೀನು ಹೋದ ಮೇಲೆ ಶುರು ಮಾಡಿದ್ದು."
"ಓದಿ."
ಯಾರಿಗೂ ಅಂತ ಬರೆದದ್ದಲ್ಲ ಇದು. ಅವಳೆದುರು ಒಂದು ದಿನವೂ ಆಡದ ಮಾತುಗಳಿವೆ. ಕಿವಿ ಬಿಸಿಯಾಗುತ್ತಿದೆ. ಬರೆಯೋದು ನಿಲ್ಲಿಸಿ ಅಂತಾಳೆ. ಒಂದೂ ಬಿಡಬಾರದಂತೆ, ಮೊದಲಿಂ—