ಆವಿ ಮಡಕೆ ಅವಳ ಕೈಗೆ

ಮನ್ಮಥ ವರುಷ, ಆಡಿ 18

ನೊಚ್ಚಿ ಸೊಪ್ಪು, ಅದೇ ಲಕ್ಕಿ, ಎರಡು ಕಟ್ಟು. ಬೇವು ಒಂದು. ಹುಣಸೆ ಚಿಗುರು ಮಡಿಲು ತುಂಬ. ಹರಳೆಲೆ ಆರು — ತೂತಿಲ್ಲದ್ದೇ ಬೇಕು, ಅವ್ವನ ಹಟ. ಹೊಳೆ ದಂಡೇಲಿ ಬೆಳಗ್ಗೆಯಿಂದ ಬಗ್ಗಿ ಸೊಂಟ ಹೋಯ್ತು. ತಂದು ಜಗಲಿ ಮೇಲೆ ಹಾಕಿದೆ. ಅವ್ವ ನನ್ನ ಕಡೆ ನೋಡ್ಲೂ ಇಲ್ಲ. "ಮೂಕೀ, ಬಾವ್ವಾ, ಎಲೆ ಸೋಸು" ಅಂದ್ಲು.

ಕಿತ್ತೋಳು ನಾನು. ಸೋಸೋಳು ಅವಳು. ಹೆರೋರಿಗೆ ಆವಿ ಹಿಡಿಸೋ ಮಡಕೆಗೆ ಹಾಕೋಳೂ ಅವಳೇ.

ಮೂಕಿ ಅನ್ನೋದು ಹೆಸರಷ್ಟೇ, ಮಾತು ಬರ್ತದೆ. ತನ್ನ ಅಣ್ಣನ ಮಗಳು ಅಂತ ಅವ್ವನಿಗೆ ಮೊದಲೇ ಮುದ್ದು. ನನ್ನ ತಮ್ಮ ಅಯ್ಯಾವುಗೆ ತಂದುಕೊಂಡ ಮೇಲೆ ಇನ್ನೂ ಮುದ್ದು. ಈಗ ಏಳು ತಿಂಗಳು ಬೇರೆ. ತಾಯಿಲ್ಲದ ಹುಡುಗಿ, ಹೆರಿಗೇನೂ ಇಲ್ಲೇ ಆಗ್ಲಿ ಅಂತ.

ನಾನು ಈ ಅವ್ವನ ಹೊಟ್ಟೇಲಿ ಹುಟ್ಟಿದೋಳು. ಏಳು ವರುಷ ದಿಂಡುಗಲ್ಲಲ್ಲಿ ಗಂಡನ ಮನೇಲಿ ಬಾಳಿದೆ. ಮಗು ಆಗ್ಲಿಲ್ಲ. ಅವನು ಇನ್ನೊಬ್ಬಳನ್ನ ಕರ್ಕೊಂಡು ಬಂದ. ನಾನು ಕಂಬಂಗೆ, ತವರಿಗೆ ವಾಪಸ್. ತಂದದ್ದು ಒಂದು ತಗಡಿನ ಪೆಟ್ಟಿಗೆ, ಮಿಷನ್ ಅಮ್ಮ ಮನೆಗೆ ಬಂದು ಕಲಿಸಿಕೊಟ್ಟ ಅಕ್ಷರ. ತಮಿಳ್ ಅಕ್ಷರದಲ್ಲಿ, ತಮಿಳ್ ತಿಂಗಳ ಲೆಕ್ಕದಲ್ಲಿ, ನಮ್ಮ ಮನೆಮಾತು ಕನ್ನಡ ಬರೀತೀನಿ. ಈ ಮನೇಲಿ ಯಾರಿಗೂ ಓದಕ್ಕೆ ಬರಲ್ಲ. ಅಷ್ಟು ಸುಖ ಉಂಟು.

ಆಡಿ 23

ತಂಗರಾಜ್ ಹೆಂಡ್ತಿಗೆ ನೋವು ಅಂತ ಬೆಳಗ್ಗೆ ಕರೆದ್ರು. ನಮ್ಮ ಜನದ ಮನೆಗಳಿಗೆಲ್ಲ ಹೆರಿಗೆ ಮಾಡಿಸಕ್ಕೆ ಅವ್ವನೇ ಹೋಗೋದು. ಮೂವರೂ ಹೋದ್ವಿ. ಅವರಿಬ್ಬರು ಒಳಗೆ. ನಾನು ಹಿತ್ತಲಲ್ಲಿ, ಒಲೆ ಮುಂದೆ. ಸೊಪ್ಪು ಕುದ್ದ ಮಡಕೇನ ಬಾಗಿಲವರೆಗೆ ಹೊತ್ತುಕೊಂಡು ಹೋಗ್ಬೋದು. ಹೊಸಲು ದಾಟೋ ಹಾಗಿಲ್ಲ. ಮೂಕಿ ಬಂದು ಇಸ್ಕೊಂಡ್ಲು.

ಬಾಗಿಲು ಸಂದೀಲಿ ಕಂಡಷ್ಟು — ಹಗ್ಗದ ಮಂಚದ ಕೆಳಗೆ ಮಡಕೆ. ಮಂಚದ ಮೇಲೆ ಆ ಹುಡುಗಿ, ಸುತ್ತ ಕಂಬಳಿ. ಮೂಕಿ ಮುಚ್ಚಳ ಸರಿಸ್ತಾಳೆ, ಮುಚ್ತಾಳೆ, ಮತ್ತೆ ಸರಿಸ್ತಾಳೆ. ಅಷ್ಟು ಹೊತ್ತು ಕಿರುಚ್ತಿದ್ದವಳು ಸುಮ್ಮನಾದ್ಲು. ಆಮೇಲೆ ಒಂದು ಉಸಿರು ಬಿಟ್ಲು… ಭಾರದ ಹೊರೆ ಇಳಿಸಿದೋರು ಬಿಡ್ತಾರಲ್ಲ, ಹಂಗೆ. "ಅಯ್ಯೋ ಅಕ್ಕಾ, ನಡ ಬಿಡಿಸಿಕೊಳ್ತು, ತೆಗೀಬೇಡಿ" ಅಂದ್ಲು.

ಮಧ್ಯಾಹ್ನಕ್ಕೆ ಗಂಡುಮಗು. ತಂಗರಾಜ್ ತಾಯಿ ಮೂಕಿ ಗಲ್ಲ ಸವರಿ ನೆಟಿಗೆ ಮುರಿದು, ಅವ್ವನ ಹೆಸರು ಹಿಡಿದು ಅಂದ್ಲು, "ಪಾಪಮ್ಮಾಳ್ ಕೈಯೇ ಈ ಕೈಗೆ ಇಳಿದದೆ."

ಪಾಪಮ್ಮಾಳ್ ಮಗಳು ಹಿತ್ತಲಲ್ಲಿ ಬೂದಿ ಬಳೀತಿದ್ಲು.

ಆವಣಿ 7

ಮೂಕಿಗೆ ಬಳೆ ತೊಡಿಸಿದ್ರು. ಒಬ್ಬೊಬ್ಬರೂ ಬಂದು ತೊಡಿಸೋದು, ಕೆನ್ನೆಗೆ ಗಂಧ ಹಚ್ಚೋದು. ನಾನು ಅಡಿಗೆ ಮನೇಲೇ ಇದ್ದೆ. ಯಾರೂ ಬೇಡ ಅನ್ಲಿಲ್ಲ. ಯಾರೂ ಕರೀಲೂ ಇಲ್ಲ. ಮೂಕಿ ಅಲ್ಲಿಂದಲೇ ಕೂಗಿದ್ಲು, "ಅತ್ತಿಗೆ, ನೀವೂ ಬನ್ನಿ!" ಹೆಂಗಸರೆಲ್ಲ ಅಡಿಗೆ ಮನೆ ಕಡೆ ತಿರುಗಿದ್ರು. ಅವಳಿಗೆ ಬುದ್ಧಿ ಇಲ್ವಾ, ಇಲ್ಲ ಬೇಕಂತಲೇ ಮಾಡಿದ್ಲಾ? ಚಿತ್ರಾನ್ನ ತಳ ಹಿಡೀತದೆ ಅಂದೆ.

ಇವತ್ತಿಂದ ಅವಳು ಹೆರಿಗೆ ಮನೆಗಳಿಗೆ ಹೋಗೋ ಹಾಗಿಲ್ಲ, ಹೊಟ್ಟೆ ದೊಡ್ಡದಾಯ್ತು. ಅಂದ್ರೆ ಅವ್ವನಿಗೆ ಇನ್ನೊಂದು ಕೈ ಬೇಕಾಗ್ತದೆ.

ಆವಣಿ 12

ಅವ್ವ ಒಬ್ಬಳೇ ಹೋದ್ಲು. ಬಂದ ಮೇಲೆ ಕೇಳೇಬಿಟ್ಟೆ.

"ನಂಗೆ ಯಾಕವ್ವಾ ಹೇಳಿಕೊಡಲ್ಲ?"

ಅವ್ವ ಕಾಲು ತೊಳೀತಿದ್ಲು. "ಏನನ್ನ?"

"ಆವಿ ಹಿಡಿಸೋದನ್ನ. ಎಷ್ಟು ಹೊತ್ತು ಅಂತ, ಯಾವಾಗ ತೆಗೀಬೇಕು ಅಂತ."

"ಬೊಮ್ಮಕ್ಕಾ, ನಾನು ಒಲ್ಲೆ ಅಂತಲ್ಲ. ಜನ ಒಪ್ಪಲ್ಲ. ನೋವಲ್ಲಿ ಇರೋಳ ಮುಂದೆ ನಿನ್ನ ನಿಲ್ಲಿಸಿದ್ರೆ ಅವಳ ಅತ್ತೆ ನನ್ನೂ ಒಳಕ್ಕೆ ಬಿಡಲ್ಲ."

"ಮಲಡಿ ಅಂತ?"

ಬಂಜೆಗೆ ಊರೋರು ಬೆನ್ನ ಹಿಂದೆ ಅನ್ನೋ ಮಾತು. ನನ್ನ ಬಾಯಿಂದಲೇ ಬಂತು. ಅವ್ವ ಚೆಂಬು ಕವಿಚಿ ಇಟ್ಲು. "ಒಲೆ ಹಚ್ಚು ಹೋಗು" ಅಂದ್ಲು.

ಆವಣಿ 20

ನಂಗೆ ಬೇಕಾದದ್ದನ್ನ ಗೋಡೆಗೆ ಕಿವಿ ಕೊಟ್ಟು ತಗೊಂಡೆ. ಅವ್ವ ದಿನಾ ಮಧ್ಯಾಹ್ನ ಅವಳನ್ನ ಕೂರಿಸಿಕೊಂಡು ಹೇಳ್ತಾಳೆ. ನೊಚ್ಚಿ ಮೊದಲು, ಹುಣಸೆ ಚಿಗುರು ಕೊನೇಲಿ. ಆವಿ ಮೇಲೆ ಮೊದಲು ನಿನ್ನ ಮುಂಗೈ ಹಿಡಿ, ಹತ್ತು ಎಣಿಸೋವರೆಗೆ ತಡೆದ್ರೆ ಸರಿ, ತಡೀದಿದ್ರೆ ಹೆರೋಳಿಗೂ ಬೇಡ. ಮುಖಕ್ಕೆ ಬಡೀಬಾರ್ದು. ಬೆವರು ಹಣೆಗೆ ಬಂದ್ರೆ ಸಾಕು. ನೀರು ಒಡೆದ ಮೇಲೆ ಮಡಕೆ ಮುಟ್ಟಬಾರ್ದು. ಆವಿ ಮಗೂನ ತರಲ್ಲ, ಹೆರೋಳಿಗೆ ಸುಧಾರಿಸಿಕೊಳ್ಳಕ್ಕೆ ಒಂದು ಗಳಿಗೆ ಕೊಡ್ತದೆ, ಅಷ್ಟೇ ಅಂತ.

ಎಲ್ಲಾ ಬರೆದಿಟ್ಟೆ. ಮೂಕಿಗೆ ಮರೆತು ಹೋದೀತು. ನಂಗಿಲ್ಲ.

ಆವಣಿ 27

ಎಲ್ಲಾ ಹೊಲಕ್ಕೆ ಹೋಗಿದ್ರು. ಮೂಕಿ ಮಲಗಿದ್ಲು. ಕೊಟ್ಟಿಗೇಲಿ ಮೂರು ಕಲ್ಲು ಹೂಡಿ ಚಿಕ್ಕ ಮಡಕೇಲಿ ಸೊಪ್ಪು ಕುದಿಸಿದೆ. ಹಳೇ ಮಂಚ ಎಳೆದು, ಕಂಬಳಿ ಸುತ್ತಿ ಕೂತೆ. ಸುಮ್ಮನೆ. ಸರಿಯಾಗಿ ಬರ್ತದಾ ನೋಡಣ ಅಂತ.

ಮೊದಲು ಬಿಸಿ ಅಷ್ಟೇ. ಆಮೇಲೆ ನೊಚ್ಚಿ ವಾಸನೆ ಮೈಯೊಳಕ್ಕೇ ಹೋಯ್ತು. ನಡ, ತೊಡೆ, ಕೆಳಹೊಟ್ಟೆ… ಎಷ್ಟು ವರುಷದಿಂದ ಬಿಗಿ ಹಿಡಿದಿದ್ನೋ, ಒಂದೊಂದೇ ಬಿಚ್ಚಿಕೊಳ್ತು. ಅಳು ಬಂತು. ಯಾಕೆ ಅಂತ ಇಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಕಣ್ಣು ಬಿಟ್ರೆ ಬಾಗಿಲಲ್ಲಿ ಮೂಕಿ. ಹೊಟ್ಟೆ ಮೇಲೆ ಕೈ ಇಟ್ಕೊಂಡು. ಹೊರಟು ಹೋದ್ಲು.

ಹೆರದೆ ಇರೋಳು ಹೆರೋರ ಮಂಚದ ಮೇಲೆ! ಈಗ ಅವ್ವನಿಗೆ ಹೇಳ್ತಾಳೆ. ಊರಿಗೆಲ್ಲ ಹೇಳ್ತಾಳೆ.

ಪುರಟ್ಟಾಸಿ 3

ಹೇಳಿಲ್ಲ. ಆರು ದಿನ ಕಾದೆ. ಇವತ್ತು ಬಾವಿ ಹತ್ರ ಮೆತ್ತಗೆ ಅಂದ್ಲು, "ಅತ್ತಿಗೆ, ನೀರಿಗೆ ಒಂದು ಹಿಡಿ ಓಮ ಹಾಕ್ಕೊಳ್ಳಿ. ನಡ ನೋವಿಗೆ ಇನ್ನೂ ಹಾಯಾಗ್ತದೆ."

ಓಮ. ಅದು ನನ್ನ ಪುಸ್ತಕದಲ್ಲಿ ಇರ್ಲಿಲ್ಲ. ಗೋಡೆ ಈಚೆಗೆ ಕೇಳಿರ್ಲಿಲ್ಲ.

ನನ್ನ ಅವ್ವನ ವಿದ್ಯೇನ ನಂಗೆ ಇವಳು ದಾನ ಕೊಡ್ತಾಳೆ! ಕೊಡ ತಗೊಂಡು ಬಂದುಬಿಟ್ಟೆ. ದಾರೀಲಿ ಅರ್ಧ ನೀರು ಚೆಲ್ಲಿತು.

ಪುರಟ್ಟಾಸಿ 23

ಅವ್ವ ಬೋಡಿಗೆ ಹೋದ್ಲು, ನೆಂಟರ ಮನೇಲಿ ಹೆರಿಗೆ. ಗಾಡಿ ಕಳಿಸಿದ್ರು. ಮೂಕಿಗೆ ಇನ್ನೂ ಇಪ್ಪತ್ತು ದಿನ ಅದೆ, ಅಷ್ಟರೊಳಗೆ ಬರ್ತೀನಿ ಅಂದ್ಲು. ಹೋಗೋವಾಗ ಅವಳ ಹೊಟ್ಟೆ ಮುಟ್ಟಿ ನೋಡಿ, ತಲೆ ಸವರಿ, ಗಾಡಿ ಹತ್ತಿದ್ಲು. ನಂಗೆ, "ನೋಡ್ಕೋ" ಅಂದ್ಲು. ಅಷ್ಟೇ.

ಪುರಟ್ಟಾಸಿ 26, ಬೆಳಗ್ಗೆ

ಬೀದೀಲಿ ಯಾರೂ ಇಲ್ಲ. ಮಲೆ ಆಚೆ ಕಟ್ಟಿದ ಅಣೆಯ ನೀರು ಬೆಟ್ಟ ಕೊರೆದ ದಾರೀಲಿ ಇಳೀತಿದೆ ಅಂತ ಊರಿಗೆ ಊರೇ ಗೂಡಲೂರು ಕಡೆ ನೋಡಕ್ಕೆ ಹೋಗಿದೆ. ಅಯ್ಯಾವೂ ಹೋದ.

ಮೂಕಿಗೆ ನೋವು ಬಂದಿದೆ. ಕೊಟ್ಟಿಗೇಲಿ ಕೂತು ಬರೀತಿದೀನಿ. "ಅತ್ತಿಗೇ" ಅಂದ್ಲು. ಕೇಳಿಸ್ತು. ಎಲ್ಲಾ ಅವಳಿಗೇ ಹೇಳಿಕೊಟ್ಟಿದ್ದಾರಲ್ಲ, ಮಾಡ್ಕೊಳ್ಳಲಿ. ಮಲಡಿ ಕೈ ಯಾಕೆ ಬೇಕು.

ಮತ್ತೆ ಕರೆದ್ಲು. ಬರೀತಿದೀನಿ.

ಒಳಗೆ ಮಡಕೆ ಸದ್ದು. ತಾನೇ ಒಲೆ ಮೇಲೆ ಇಟ್ಟಿದ್ದಾಳೆ ಅಂತ ಕಾಣ್ತದೆ.

ಮೂರನೇ ಸಲ. ಅಕ್ಷರ ಸರಿ ಬರ್ತಿಲ್ಲ

ಪುರಟ್ಟಾಸಿ 28

ಹೆಣ್ಣುಮಗು. ಇಬ್ಬರೂ ಚೆನ್ನಾಗಿದ್ದಾರೆ. ಮೊದಲು ಅದನ್ನ ಬರೆದುಬಿಡ್ತೀನಿ.

ನಾನು ಒಳಕ್ಕೆ ಹೋದಾಗ ಮಡಕೆ ಒಡೆದು ಬಿದ್ದಿತ್ತು. ಸೊಪ್ಪೆಲ್ಲ ನೆಲದ ಮೇಲೆ. ಮೂಕಿ ಗೋಡೆಗೆ ಒರಗಿ ಕೂತಿದ್ಲು, ಎಡಗಾಲು ಕೆಂಪಗೆ ಬೆಂದುಹೋಗಿತ್ತು. ತಾನೇ ಮಡಕೆ ಇಳಿಸಕ್ಕೆ ಹೋಗಿ, ನೋವು ಬಂದು, ಕೈ ಜಾರಿದೆ. ನನ್ನ ನೋಡಿದ್ಲು. ಬೈತಾಳೆ ಅಂದ್ಕೊಂಡೆ. "ಬಂದ್ರಾ" ಅಂದ್ಲು.

ಕಾಲಿಗೆ ತಣ್ಣೀರು ಸುರಿದೆ. ಹಿತ್ತಲಿಂದ ಇನ್ನೊಂದು ಮಡಕೆ ತಂದೆ. ಸೊಪ್ಪು ಇತ್ತು, ನಾನೇ ಹಿಂದಿನ ದಿನ ಕಿತ್ತದ್ದು. ನೊಚ್ಚಿ ಮೊದಲು. ಹುಣಸೆ ಚಿಗುರು ಕೊನೇಲಿ. ಓಮ ಒಂದು ಹಿಡಿ. ಮುಂಗೈ ಹಿಡಿದು ಎಣಿಸಿದೆ — ಆರಕ್ಕೇ ತಡೀಲಿಲ್ಲ, ಮುಚ್ಚಳ ಹಾಕಿ ಕಾದೆ. ಮತ್ತೆ ಎಣಿಸಿದೆ. ಹತ್ತು.

ಅವಳನ್ನ ಮಂಚಕ್ಕೆ ಹತ್ತಿಸಿ ಕಂಬಳಿ ಸುತ್ತಿದೆ. ಎದುರು ಕೂತೆ. ಅವಳ ತಲೆ ನನ್ನ ಭುಜದ ಮೇಲೆ.

"ಅತ್ತಿಗೆ, ಮಡಕೆ ಒಂದು ಗೇಣು ಹಿಂದಕ್ಕೆ."

ತಳ್ಳಿದೆ.

"ಹಾಂ… ಅಲ್ಲೇ. ಅಲ್ಲೇ ಇರ್ಲಿ."

ಆ ಉಸಿರು ಬಿಟ್ಲು. ತಂಗರಾಜ್ ಮನೇಲಿ ಬಾಗಿಲು ಸಂದೀಲಿ ಕೇಳಿದ್ನಲ್ಲ, ಅದು. ಈ ಸಲ ನನ್ನ ಕತ್ತಿಗೆ ಬಡೀತು. ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಅವಳು ಹೇಳ್ತಾಳೆ, ನಾನು ಮಾಡ್ತೀನಿ. ಮುಚ್ಚಿ. ತೆಗೀರಿ. ಸಾಕು, ಬೆವರು ಬಂತು. ಒಮ್ಮೆ ಆವಿಯೊಳಗೇ ತೂಕಡಿಸಿದ್ಲು, ಮಗು ಹಂಗೆ. ಅವಳ ಮುಖ ಅಷ್ಟು ಹತ್ರದಿಂದ ನೋಡಿರ್ಲಿಲ್ಲ. ಇನ್ನೂ ಸಣ್ಣ ಹುಡುಗಿ.

ನೀರು ಒಡೀತು. ಮಡಕೆ ಎತ್ತಿ ಆಚೆಗಿಟ್ಟೆ. ಆಮೇಲಿಂದು ಬೇಗ ಆಯ್ತು. ಹೊತ್ತು ನೆತ್ತಿ ಮೇಲಿತ್ತು. ಮಗು ನನ್ನ ಎರಡು ಕೈಗೆ ಜಾರಿ ಬಂತು, ಬಿಸಿಯಾಗಿ. ಅತ್ತಿತು. ನಾನು ಅಳ್ಲಿಲ್ಲ. ಆ ಗಳಿಗೇಲಿ ನಂಗೆ ಯಾರ ಮೇಲೂ ಏನೂ ಇರ್ಲಿಲ್ಲ. ನಿಜ. ಒಂದು ಗಳಿಗೆ.

ಆಮೇಲೆ ಮಗೂನ ಅವಳ ಎದೆ ಮೇಲೆ ಇಡಬೇಕಾಯ್ತು. ಇಟ್ಟೆ. ಕೈ ಖಾಲಿ ಆಯ್ತು.

ಪುರಟ್ಟಾಸಿ 30

ಅಯ್ಯಾವು ಗಾಡಿ ಕಟ್ಟಿಕೊಂಡು ಹೋಗಿ ಅವ್ವನನ್ನ ಕರ್ಕೊಂಡು ಬಂದ. ಅವ್ವ ಮಗೂನ ತಿರುಗಿಸಿ ಮುರುಗಿಸಿ ನೋಡಿದ್ಲು, ಹೊಕ್ಕಳು ನೋಡಿದ್ಲು, ತಲೆ ಆಡಿಸಿದ್ಲು. ಆಮೇಲೆ ಮೂಕಿ ಕಾಲು ಕಂಡ್ಲು. ಬೊಬ್ಬೆ ಎದ್ದಿದೆ, ಅಂಗೈ ಅಗಲ.

"ಇದೇನೇ?"

ನಾನು ಬಾಗಿಲಲ್ಲಿ ನಿಂತಿದ್ದೆ.

"ನಾನೇ ಅವಸರ ಮಾಡಿದೆ ಅತ್ತೆ. ಅತ್ತಿಗೆ ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ಮೊದಲಿಂದ ಜತೇಲೇ ಇದ್ರು" ಅಂದ್ಲು ಮೂಕಿ.

ಅವ್ವ ತಿರುಗಿ ನನ್ನ ನೋಡಿದ್ಲು. ಮೂವತ್ತು ವರುಷದಲ್ಲಿ ಹಂಗೆ ನೋಡಿರ್ಲಿಲ್ಲ. "ನನ್ನ ಮಗಳು" ಅಂದ್ಲು. ಅದನ್ನ ಕೇಳಬೇಕು ಅಂತ ಎಷ್ಟು ವರುಷ ಕಾದೆ. ಕೇಳಿದಾಗ ಬಾಯೆಲ್ಲ ಕಹಿ. ಅದನ್ನೂ ಅವಳೇ ಕೊಟ್ಟದ್ದಲ್ವಾ!

ಐಪ್ಪಸಿ 5

"ಯಾಕೆ ಸುಳ್ಳು ಹೇಳಿದೆ?" ಅಂತ ಮೂಕಿನ ಕೇಳಿದೆ. ಮಗೂಗೆ ಎಣ್ಣೆ ತಿಕ್ತಿದ್ದೆ.

"ನೀವು ಬಂದ್ರಲ್ಲ" ಅಂದ್ಲು.

"ನೀನು ಮೂರು ಸಲ ಕರೆದೆ. ನಂಗೆ ಕೇಳಿಸ್ತು."

"ಗೊತ್ತು. ಕೊಟ್ಟಿಗೇಲಿ ಪೆಟ್ಟಿಗೆ ತೆಗೆದ ಸದ್ದು ನಂಗೂ ಕೇಳಿಸ್ತು." ಮಗು ಮುಖಾನೇ ನೋಡ್ತಿದ್ಲು. "ಭಯ ಆಯ್ತು ಅತ್ತಿಗೆ. ತುಂಬ."

ಬೈದಿದ್ರೆ ಬೈಗುಳ ತಿಂದು ಮುಗಿಸ್ತಿದ್ದೆ. ಬೈಯಲ್ಲ. ಚಂದ ಅವಳದು, ಮಗು ಅವಳದು, ಅವ್ವ ಅವಳ ಕಡೆ. ಈಗ ದೊಡ್ಡ ಮನಸ್ಸೂ ಅವಳದೇ. ನಂಗೆ ಏನು ಉಳೀತು?

ಐಪ್ಪಸಿ 9

ಅವ್ವ ಇವತ್ತು ಹೊಸ ಮಡಕೆ ತಂದ್ಲು. "ಮೇಲಿನ ಬೀದೀಲಿ ಒಬ್ಬಳಿಗೆ ದಿನ ತುಂಬಿದೆ. ನೀನು ಬಾ, ಒಳಕ್ಕೇ ಬಾ. ಯಾರು ಏನಂತಾರೆ ನೋಡ್ತೀನಿ. ನನ್ನ ಸೊಸೆಗೆ ಹೆರಿಗೆ ಮಾಡಿಸಿದೋಳು ಅಂತೀನಿ" ಅಂದ್ಲು. ಮಡಕೆ ನನ್ನ ಕೈಗೆ ಕೊಟ್ಲು.

ತಗೊಂಡೆ. ಹೊತ್ತು ಇಳಿಯೋವರೆಗೆ ಅದನ್ನೇ ನೋಡ್ತಾ ಕೂತೆ. ಮೂಕಿ ಸುಳ್ಳಿನ ಮೇಲೆ ಕೂತಿದೆ ಈ ಮಡಕೆ. ಬದುಕಿರೋವರೆಗೆ ಅವಳು ಕೊಟ್ಟದ್ದೇ ಆಗಿರ್ತದೆ. ಆಗಲ್ಲ. ತಪ್ಪಾದ್ರೂ ನಂದೇ ಆಗಿರ್ಲಿ.

ಐಪ್ಪಸಿ 10

ಅವ್ವನನ್ನ ಕೊಟ್ಟಿಗೆಗೆ ಕರೆದೆ. ಪುಸ್ತಕ ತೆಗೆದು ಪುರಟ್ಟಾಸಿ ಇಪ್ಪತ್ತಾರರದ್ದು ಓದಿದೆ. ಒಂದಕ್ಷರ ಬಿಡದೆ. ಮಲಡಿ ಕೈ ಯಾಕೆ ಬೇಕು ಅಂತ ಬರೆದದ್ದನ್ನೂ.

ಅವ್ವ ಸೆರಗು ಬಿಗಿದು ಎದ್ಲು. ಹೊಡೀತಾಳೆ ಅಂದ್ಕೊಂಡೆ.

"ಅವಳು ಸತ್ತುಹೋಗಿದ್ರೆ?"

"ಗೊತ್ತಿಲ್ಲ."

"ಈ ತಿಂಗಳು ಪೂರ್ತಿ ಎಲೆ ಕೀಳೋದು ಅಷ್ಟೇ ನಿನ್ನ ಕೆಲಸ. ಮಡಕೆ ಒಳಗಿಡು. ಮೂಕಿ ಕಾಲಿಗೆ ದಿನಾ ನೀನೇ ಎಣ್ಣೆ ಹಚ್ಚು, ಕಲೆ ಮಾಯೋವರೆಗೆ. ಕಾರ್ತಿಗೇಲಿ ನೋಡಣ."

ಆಯ್ತು ಅಂದೆ. ಎದೆ ಹಗುರ ಆಯ್ತು ಅಂತ ಬರೀಬೋದು. ಆಗ್ಲಿಲ್ಲ. ಅವ್ವ ಬಾಗಿಲವರೆಗೆ ಹೋಗಿ ನಿಂತ್ಲು.

"ಕೂತದ್ದನ್ನ ಬರೆದಿದೀಯ. ಎದ್ದದ್ದನ್ನ ಬರೆದಿಲ್ಲ. ಯಾಕೆ ಎದ್ದೆ?"

ಪುಸ್ತಕ ಮುಚ್ಚಿದೆ.

"ಅದನ್ನೂ ಬರಿ. ನಾಳೆ ಬಂದು ಕೇಳ್ತೀನಿ."

ಅದಕ್ಕೇ ಕೂತಿದೀನಿ. ಕರುಣೆ ಬಂದು ಅಂತ ಬರೆದೆ, ಹೊಡೆದು ಹಾಕಿದೆ. ಅವ್ವನಿಗೆ ಹೆದರಿ ಅಂತ ಬರೆದೆ. ಅದೂ ಅಲ್ಲ. ಮಡಕೆ ಒಡೆದ ಸದ್ದು ಬಂತು, ಅವಳು ಕರೆಯೋದು ನಿಂತುಹೋಯ್ತು. ಕರೀತಿದ್ದಷ್ಟು ಹೊತ್ತು ಕೂತೇ ಇದ್ದೆ. ನಿಂತ ಮೇಲೆ ಕೂರಕ್ಕಾಗ್ಲಿಲ್ಲ. ಯಾಕೆ ಅಂದ್ರೆ, ಅವಳು ಇಲ್ಲದ ಮನೇಲಿ ನನ್ನ ‘ಬನ್ನಿ’ ಅಂತ ಕರೆಯೋರು ಇನ್ಯಾರೂ ಇರ್ಲಿಲ್ಲ.